ಕಾಫಿ ಹೊತ್ತಿಗೆ ಲಂಡನ್

ನಾಣಿ ಮೇಷ್ಟ್ರು ಆ ಮಾತನ್ನು ಯೋಚಿಸಿ ಆಡಿದ್ದಲ್ಲ. ಶುಕ್ರವಾರ ಸಂಜೆ ಸ್ಕೂಲಿನಿಂದ ಬಂದು, ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಕಾಲು ತೊಳೆಯಲು ಹೊರಟವರನ್ನು ಪಕ್ಕದ ಮನೆಯ ಸುಂದರಮ್ಮನವರು ಜಗಲಿಯಲ್ಲೇ ತಡೆದು ಒಂದು ತಂತಿಯನ್ನು ಕೈಗಿತ್ತರು. ಮೆಟ್ರಿಕ್ ಮುಗಿಸಿದ ತಪ್ಪಿಗೆ ಆ ಬೀದಿಗೆ ಬರುವ ಇಂಗ್ಲಿಷ್ ತಂತಿಗಳನ್ನೆಲ್ಲ ಓದಿ ಹೇಳುವ ಕೆಲಸ ಮೇಷ್ಟ್ರ ಪಾಲಿಗೆ ಬಂದಿತ್ತು.

“ಬೊಂಬಾಯಿಂದ ಬಂದಿದೆ. ಇವತ್ತು ರಾತ್ರಿ ಹನ್ನೊಂದು ಗಂಟೆಗೆ ವಿಮಾನ ಹೊರಡತ್ತಂತೆ. ನಿಮ್ಮ ಯಜಮಾನರು ಸೌಖ್ಯವಾಗಿದ್ದಾರಂತೆ.”

“ಲಂಡನ್ ತಲುಪೋದು ಯಾವಾಗಂತೆ?”

“ಅದು ಬರೆದಿಲ್ಲ. ಅಯ್ಯೋ, ವಿಮಾನ ಅಲ್ವೇ ಸುಂದರಮ್ಮನೋರೇ, ಅದಕ್ಕೇನು! ಬೆಳಿಗ್ಗೆ ಕಾಫಿ ಹೊತ್ತಿಗೆಲ್ಲ ಲಂಡನ್ನು!” ಎಂದು ಚಿಟಿಕೆ ಹೊಡೆದು ಮೇಷ್ಟ್ರು ಬಚ್ಚಲಿಗೆ ಹೋದರು. ಆಡಿದ ಮಾತು ಕಾಲಿನ ಧೂಳಿನ ಜೊತೆ ತೊಳೆದುಹೋಯಿತು ಎಂದೇ ಅವರು ತಿಳಿದದ್ದು.

ಸುಂದರಮ್ಮನವರ ಯಜಮಾನರು ಅಡಿಗೆ ಅನಂತಸ್ವಾಮಿಗಳು. ಅರಸೀಕೆರೆಯ ಸುತ್ತ ಯಾರ ಮನೆಯಲ್ಲಿ ಮದುವೆ, ಮುಂಜಿ ಎಂದರೂ ಕೋಡಿ ಒಲೆಯ ಮುಂದೆ ಅವರೇ ನಿಲ್ಲಬೇಕು. ವಯಸ್ಸು ಐವತ್ತೈದು ದಾಟಿತ್ತು. ಅಂಥವರು ಲಂಡನ್ನಿಗೆ ಹೊರಟದ್ದಕ್ಕೆ ಕಾರಣ ಒಂದು ಸಾರು. ಹೋದ ಕಾರ್ತಿಕದಲ್ಲಿ ಬೇಲೂರು, ಹಳೇಬೀಡು ನೋಡಲೆಂದು ಬಂದಿದ್ದ ದಿಲ್ಲಿಯ ದೊಡ್ಡ ಅಧಿಕಾರಿಯೊಬ್ಬರು ಹೊಟ್ಟೆ ಕೆಡಿಸಿಕೊಂಡು ಹಳೇಬೀಡಿನ ಬಂಗಲೆಯಲ್ಲಿ ಮಲಗಿಬಿಟ್ಟರು. ಯಾರೋ ಅನಂತಸ್ವಾಮಿಗಳನ್ನು ಕರೆದೊಯ್ದರು. ಅವರು ಮಾಡಿ ಬಡಿಸಿದ ಮೆಣಸಿನ ಸಾರು ಕುಡಿದು ಎದ್ದು ಕೂತ ಅಧಿಕಾರಿ ಶಿಲಾಬಾಲಿಕೆಯರನ್ನು ಮರೆತೇ ಹೋದರು. ಮೂರು ದಿನವೂ ಸಾರನ್ನೇ ನೋಡುತ್ತ ಕೂತರು. ಅವರಿಗೆ ಆರು ತಿಂಗಳ ಮಟ್ಟಿಗೆ ಲಂಡನ್ನಿನಲ್ಲಿ ಕೆಲಸ ಬಿದ್ದಾಗ, “ಹೋದರೆ ಆ ಸಾರಿನ ಸಮೇತ ಹೋಗುತ್ತೇನೆ” ಎಂದು ಹಟ ಹಿಡಿದರಂತೆ. ಹಾಗೆ ತಿಪಟೂರು, ಬೀರೂರುಗಳ ಆಚೆ ಹೆಚ್ಚು ಕಾಣದ ಅನಂತಸ್ವಾಮಿಗಳು ಒಂದು ಮೂಟೆ ಸಾರಿನ ಪುಡಿ ಕಟ್ಟಿಕೊಂಡು ಬೊಂಬಾಯಿಗೆ ರೈಲು ಹತ್ತಿದ್ದರು.

ಇನ್ನು ಸುಂದರಮ್ಮನವರದ್ದೊಂದು ನೇಮವಿತ್ತು. ಗಂಡ ಪ್ರಯಾಣ ಹೊರಟ ಗಳಿಗೆಯಿಂದ ಆ ಊರಿನ ನೆಲ ಮೆಟ್ಟುವ ತನಕ ಅವರು ಬಾಯಿಗೆ ಏನನ್ನೂ ಹಾಕರು, ನೀರನ್ನೂ ಕೂಡ. ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತಿಪಟೂರು ಎಂದರೆ ಮುಕ್ಕಾಲು ಗಂಟೆ, ಕಡೂರು ಎಂದರೆ ಒಂದು ಗಂಟೆ. ಎದುರು ಮನೆಯ ರೈಲ್ವೆ ಗಾರ್ಡ್ ಕೃಷ್ಣಪ್ಪನವರನ್ನು ಕೇಳಿದರೆ ನಿಮಿಷ ಸಹಿತ ಹೇಳುತ್ತಿದ್ದರು. ಬೊಂಬಾಯಿಗೆ ಹೋದಾಗ ಒಂದು ರಾತ್ರಿ, ಒಂದು ಹಗಲು ಉಪವಾಸವಿದ್ದರು. ಕೃಷ್ಣಪ್ಪನವರು “ಇಳಿದರು” ಎಂದ ಮೇಲೆ ಊಟ. ಈಗ ಬಂದದ್ದು ಕೃಷ್ಣಪ್ಪನವರ ಟೈಮ್‌ಟೇಬಲ್ಲಿನಲ್ಲಿ ಇಲ್ಲದ ಪ್ರಯಾಣ.

ಶನಿವಾರ ಬೆಳಿಗ್ಗೆ ಆರೂವರೆ. ಪುಷ್ಯದ ಚಳಿ. ನಾಣಿ ಮೇಷ್ಟ್ರು ಶಾಲು ಹೊದ್ದು, ಹೊಗೆಯಾಡುವ ಕಾಫಿಯ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಮೊದಲ ಗುಟುಕಿಗೆ ತುಟಿ ಚಾಚಿದ್ದರು. ಬಾಗಿಲಲ್ಲಿ ಸುಂದರಮ್ಮ ಕಾಣಿಸಿಕೊಂಡರು. ಅವರ ಕೈಯಲ್ಲೂ ಒಂದು ಕಾಫಿ ಲೋಟ.

“ಮೇಷ್ಟ್ರೇ, ಕಾಫಿ ಹೊತ್ತಾಯ್ತಲ್ಲ. ಇವರು ಇಳಿದಿರ್ತಾರೆ ತಾನೇ? ಕುಡೀಲಾ?”

ಮೇಷ್ಟ್ರು “ಧಾರಾಳವಾಗಿ” ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿ, ಕೈದೀಪ ಹಿಡಿದು ಮನೆಗೆ ಬರುತ್ತಿದ್ದ ಗಾರ್ಡ್ ಕೃಷ್ಣಪ್ಪನವರು ಬೀದಿಯಲ್ಲೇ ನಿಂತರು.

“ಏನಂದ್ರಿ? ಬೊಂಬಾಯಿಂದ ಲಂಡನ್ನಿಗೆ ಒಂದೇ ರಾತ್ರೀಲಾ? ಯಾರು ಹೇಳಿದ್ದು ನಿಮಗೆ?”

“ನಮ್ಮ ಮೇಷ್ಟ್ರು.”

“ಮೇಷ್ಟ್ರೇ, ಇಲ್ಲಿ ರಾತ್ರಿ ರೈಲು ಹತ್ತಿದೋನು ಬೆಳಿಗ್ಗೆ ಕಣ್ಣು ಬಿಟ್ರೆ ಹುಬ್ಬಳ್ಳಿ. ಲಂಡನ್ ಏನು ಬಾಣಾವರದ ಪಕ್ಕದಲ್ಲಿದೆಯಾ?”

ಸುಂದರಮ್ಮನವರು ಲೋಟವನ್ನು, ಅದರೊಳಗೆ ಹಾವು ಕಂಡವರ ಹಾಗೆ, ಜಗಲಿಯ ಮೇಲೆ ಇಟ್ಟರು. “ಅಯ್ಯೋ ದೇವರೇ, ಇನ್ನೇನು ಕುಡಿದೇ ಬಿಡ್ತಿದ್ದೆ!”

ಇಷ್ಟಾದರೆ ಮೇಷ್ಟ್ರು ತಮ್ಮ ಕಾಫಿಯನ್ನಾದರೂ ಕುಡಿದಿರುತ್ತಿದ್ದರು. ಆದರೆ ಒಳಗಿನಿಂದ ಬಂದ ಹೆಂಡತಿ ರಮಾಮಣಿ ಅವರ ಕೈಯಿಂದ ಲೋಟವನ್ನು ಮೆಲ್ಲಗೆ, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡಳು.

“ಅವರ ನೇಮಕ್ಕೂ ನನ್ನ ಕಾಫಿಗೂ ಏನೇ ಸಂಬಂಧ?”

“ಗಂಟೆ ಹೇಳಿದ್ದು ಯಾರು? ನಿಮ್ಮ ಮಾತು ನಂಬಿ ಆ ಜೀವ ಒಂದು ಗುಟುಕು ಕುಡಿದಿದ್ರೆ? ಹೋದ ವರ್ಷ ನಂಗೆ ವಿಷಮಜ್ವರ ಬಂದಾಗ ಇಪ್ಪತ್ತೊಂದು ದಿನ ಗಂಜಿ ಕಾಯಿಸಿ ಕುಡಿಸಿದೋರು ಅವರು. ಮೊದಲು ಸರಿಯಾದ ಗಂಟೆ ಹೇಳಿ. ಅವರು ಕುಡಿದ ಮೇಲೆ ನೀವು ಕುಡೀರಂತೆ.” ಮತ್ತೆ ಸುಂದರಮ್ಮನವರ ಕಡೆ ತಿರುಗಿ, “ನೀವು ಯೋಚನೆ ಮಾಡ್ಬೇಡಿ ಅತ್ತೆಮ್ಮ. ಇವರು ಸ್ಕೂಲಲ್ಲಿ ಭೂಗೋಳ ಹೇಳಿಕೊಡೋರೇ ಅಲ್ವೇ? ಮಧ್ಯಾಹ್ನದೊಳಗೆ ಲೆಕ್ಕ ಮಾಡಿ ಹೇಳ್ತಾರೆ” ಎಂದಳು.

ಮೇಷ್ಟ್ರು ನಿಜಕ್ಕೂ ಕನ್ನಡ ಪಂಡಿತರು. ಭೂಗೋಳದ ಮೇಷ್ಟ್ರಿಗೆ ದಾವಣಗೆರೆಗೆ ವರ್ಗವಾದಾಗ, “ನೀವೇ ಸ್ವಲ್ಪ ನೋಡ್ಕೊಳ್ಳಿ” ಎಂದು ಹೆಡ್‌ಮಾಸ್ಟರು ಆ ಪುಸ್ತಕವನ್ನು ಇವರ ತಲೆಗೆ ಕಟ್ಟಿದ್ದರು. ಷಟ್ಪದಿಯಲ್ಲಿ ಮೀನಿನ ಹಾಗೆ ಈಜುತ್ತಿದ್ದವರು ಭೂಗೋಳದ ತರಗತಿಯಲ್ಲಿ ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದರು. ಆದರೆ ಹೆಂಡತಿಗೆ ಅದನ್ನು ಹೇಳಿರಲಿಲ್ಲ.

ಶನಿವಾರದ ಅರ್ಧ ದಿನದ ಸ್ಕೂಲು ಹಸಿದ ಹೊಟ್ಟೆಯಲ್ಲೇ ಮುಗಿಯಿತು. ಹೆಡ್‌ಮಾಸ್ಟರ ಬೀರುವಿನ ಮೇಲೆ ಧೂಳು ತಿನ್ನುತ್ತ ಕೂತಿದ್ದ ಭೂಮಿಯ ಗೋಳವನ್ನು ಕೇಳಿ ಪಡೆದು, ಕಂಕುಳಲ್ಲಿ ಅವುಚಿಕೊಂಡು ಮೇಷ್ಟ್ರು ಹೊರಬಿದ್ದರು. ಕೊಬ್ಬರಿ ಮಂಡಿಯ ಮುಂದೆ ಹಾಯುವಾಗ ಒಬ್ಬರು, “ಏನ್ ಮೇಷ್ಟ್ರೇ, ಕುಂಬಳಕಾಯಾ? ಹುಳಿಗಾ, ಮಜ್ಜಿಗೆಹುಳಿಗಾ?” ಎಂದರು. ಹುಳಿಯ ಹೆಸರು ಕೇಳಿ ಮೇಷ್ಟ್ರ ಬಾಯಲ್ಲಿ ನೀರೂರಿತು. ಸುದ್ದಿ ಅಷ್ಟರಲ್ಲಿ ಅಲ್ಲಿಗೂ ಬಂದಿತ್ತು. ಇನ್ನೊಬ್ಬರು, “ಕುಂಬಳಕಾಯಲ್ಲ ಕಣ್ರೀ, ಅದರಲ್ಲಿ ಅನಂತಸ್ವಾಮಿಗಳು ಎಲ್ಲಿದ್ದಾರೆ ಅಂತ ಕಾಣ್ಸುತ್ತಂತೆ” ಎಂದರು. ನಾಲ್ಕು ಜನ ಹತ್ತಿರ ಬಂದು ಬಗ್ಗಿಯೂ ನೋಡಿದರು.

ಮನೆಯ ಜಗಲಿಯ ಮೇಲೆ ಗೋಳವನ್ನಿಟ್ಟು ಮೇಷ್ಟ್ರು ತಿರುಗಿಸಿ ನೋಡಿದರು. ಬೊಂಬಾಯಿ ಇತ್ತು. ಲಂಡನ್ ಇರಲಿಲ್ಲ. ಜಿರಳೆಗಳು ಇಂಗ್ಲೆಂಡನ್ನು ಪೂರ್ತಿಯಾಗಿ, ಫ್ರಾನ್ಸನ್ನು ಅರ್ಧದಷ್ಟು ತಿಂದು ಮುಗಿಸಿದ್ದವು. ದೊಡ್ಡ ದೊಡ್ಡ ರಾಜರುಗಳ ಕೈಯಲ್ಲಿ ಆಗದ ಕೆಲಸವನ್ನು ಅರಸೀಕೆರೆಯ ಜಿರಳೆಗಳು ಸದ್ದಿಲ್ಲದೆ ಮಾಡಿಟ್ಟಿದ್ದವು.

“ಲಂಡನ್ ಎಲ್ರೀ?” ಎಂದು ಕೇಳಿದವರು ಕಂದಾಯ ಇಲಾಖೆಯ ನಿವೃತ್ತ ಶೇಕ್‌ದಾರ್ ಹನುಮಂತಯ್ಯನವರು. ಬೀದಿಯಲ್ಲಿ ಎಲ್ಲಿ ನಾಲ್ಕು ಜನ ಸೇರಿದರೂ ಐದನೆಯವರಾಗಿ ಅವರು ಬರುತ್ತಿದ್ದರು; ಬಂದ ಮೇಲೆ ಮೊದಲನೆಯವರಾಗುತ್ತಿದ್ದರು.

“ಇಲ್ಲೇ ಎಲ್ಲೋ ಇತ್ತು,” ಎಂದು ಮೇಷ್ಟ್ರು ಜಿರಳೆ ತಿಂದ ಜಾಗದ ಮೇಲೆ ಬೆರಳಿಟ್ಟರು. ಹೆಂಡತಿಯ ಹೂ ಕಟ್ಟುವ ದಾರ ತರಿಸಿ ಗೋಳದ ನಡುವಿಗೆ ಸುತ್ತಿದರು. ನಾಲ್ಕು ಗೇಣು, ಮೇಲೆರಡು ಬೆರಳು. ಅದು ಭೂಮಿಯ ಸುತ್ತಳತೆ, ಇಪ್ಪತ್ತೈದು ಸಾವಿರ ಮೈಲಿ. ಬೊಂಬಾಯಿಯಿಂದ ಜಿರಳೆಯ ತೂತಿನವರೆಗೆ ಮುಕ್ಕಾಲು ಗೇಣು. ಸೀಮೆಸುಣ್ಣದಲ್ಲಿ ಜಗಲಿಯ ಕಲ್ಲಿನ ಮೇಲೆ ಗುಣಿಸಿ, ಭಾಗಿಸಿ, ಅಳಿಸಿ, ಮತ್ತೆ ಗುಣಿಸಿ ಕೊನೆಗೆ ತಲೆಯೆತ್ತಿದರು.

“ಈ ವಿಮಾನ ನಿಲ್ದಾಣದಿಂದ ಆ ವಿಮಾನ ನಿಲ್ದಾಣಕ್ಕೆ ನಾಲ್ಕೂವರೆ ಸಾವಿರ ಮೈಲಿ.”

ಕಂಬಕ್ಕೆ ಒರಗಿ ಕೂತಿದ್ದ ಸುಂದರಮ್ಮನವರು ಮೆಲ್ಲಗೆ, “ಅಷ್ಟು ದೂರಾನೂ ಕೆಳಗೆ ನೆಲ ಇರಲ್ವಾ?” ಎಂದರು.

“ಗಂಟೆಗೆ ಮುನ್ನೂರು ಮೈಲಿ ಅಂತ ಪೇಪರಿನಲ್ಲಿ ಓದಿದೀನಿ,” ಎಂದರು ಹನುಮಂತಯ್ಯ.

“ಹಾಗಾದ್ರೆ ಹದಿನೈದು ಗಂಟೆ. ಇವತ್ತು ಮಧ್ಯಾಹ್ನ ಎರಡಕ್ಕೆ ಇಳೀತಾರೆ!” ಮೇಷ್ಟ್ರ ಮುಖ ಅರಳಿತು. ಆಗ ಹನ್ನೆರಡೂವರೆ. ಇನ್ನು ಒಂದೂವರೆ ಗಂಟೆ ಹೇಗೋ ತಡೆದರಾಯಿತು.

ನಿದ್ದೆಯಿಂದ ಎದ್ದು ಬಂದಿದ್ದ ಕೃಷ್ಣಪ್ಪನವರು ಹಲ್ಲು ಕಡ್ಡಿ ಬಾಯಿಂದ ತೆಗೆದರು. “ನಿಲ್ಲೋದು ಬೇಡ್ವಾ? ನಮ್ಮ ಇಂಜಿನ್ನು ಅರಸೀಕೆರೆಯಲ್ಲಿ ನೀರು ಕುಡಿಯೋಕೇ ಇಪ್ಪತ್ತು ನಿಮಿಷ ಬೇಕು. ಅದಕ್ಕೆ ಎಣ್ಣೆ ಬೇಡ್ವಾ? ಡ್ರೈವರಿಗೆ ಊಟ ಬೇಡ್ವಾ?”

ದಾರಿಯಲ್ಲಿ ಮೂರು ಕಡೆ, ಒಂದೊಂದು ಕಡೆ ಒಂದೊಂದು ಗಂಟೆ ನಿಲ್ಲಬಹುದೆಂದು ಮೇಷ್ಟ್ರು ನಿಟ್ಟುಸಿರಿಟ್ಟು ಒಪ್ಪಿದರು. ಹದಿನೆಂಟು ಗಂಟೆಯಾಯಿತು. ಇಳಿಯುವುದು ಐದಕ್ಕೆ.

“ಅಲ್ಲೇ ನೀವು ತಪ್ಪಿದ್ದು,” ಎಂದು ಹನುಮಂತಯ್ಯ ಬೆರಳೆತ್ತಿದರು. “ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ ಐದು ಗಂಟೆ ಅಂದ್ರೆ ಅವರ ಹನ್ನೊಂದೂವರೆ. ಈಗ ಹನ್ನೆರಡೂವರೆ ಆಗಿದೆ. ಅಂದ್ರೆ ಅನಂತಸ್ವಾಮಿ ಇಳಿದು ಆಗಲೇ ಒಂದು ಗಂಟೆ ಆಯ್ತು! ಕುಡೀರಿ ಸುಂದರಮ್ಮ, ಕಾಫಿ ಕುಡೀರಿ!”

“ಕಳೆಯೋದಲ್ಲ, ಕೂಡೋದು!” ಎಂದು ಕೃಷ್ಣಪ್ಪ ಕೂಗಿದರು. “ಅವರು ಹಿಂದೆ ಅಂದ ಮೇಲೆ ತಡ ಆಗತ್ತೆ. ರಾತ್ರಿ ಹತ್ತೂವರೆ!”

ಕೂಡುವವರದ್ದು ಒಂದು ಪಕ್ಷ, ಕಳೆಯುವವರದ್ದು ಒಂದು ಪಕ್ಷವಾಯಿತು. ಬೀದಿ ಎರಡು ಹೋಳಾಯಿತು. “ಗಡಿಯಾರಕ್ಕೂ ಹಾರೋದಕ್ಕೂ ಸಂಬಂಧ ಇಲ್ಲ ಕಣ್ರೀ” ಎಂದು ಮೇಷ್ಟ್ರು ಕೂಗಿ ಕೂಗಿ ಸೋತರು. ಹಸಿದ ಗಂಟಲಿನಿಂದ ದನಿ ಎಷ್ಟು ದೂರ ಹೋದೀತು? ಕೊನೆಗೆ ಸುಂದರಮ್ಮನವರೇ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

“ಅಲ್ಲಿಯ ಗಡಿಯಾರ ಏನಾದ್ರೂ ಹೊಡ್ಕೊಳ್ಲಿ. ಇವರ ಕಾಲು ನೆಲಕ್ಕೆ ತಾಗಿದಾಗ ನನ್ನ ಅಡಿಗೆಮನೆಯಲ್ಲಿ ಎಷ್ಟು ಗಂಟೆ? ಅಷ್ಟು ಹೇಳಿ ಸಾಕು.”

“ಐದು,” ಎಂದರು ಮೇಷ್ಟ್ರು.

“ಸರಿ. ಐದು,” ಎಂದು ಅವರು ಎದ್ದು ಒಳಗೆ ಹೋದರು. ಹೋಗಿ ಸುಮ್ಮನೆ ಮಲಗಿದರೇ? ಇಲ್ಲ. ಗಂಡ ಊರು ಮುಟ್ಟಿದ ತಕ್ಷಣ ಹಬ್ಬದ ಅಡಿಗೆ ಮಾಡಿ ಬೀದಿಗೆ ಬಡಿಸುವುದೂ ಅವರ ನೇಮದಲ್ಲೇ ಸೇರಿತ್ತು. ಬೆಳಿಗ್ಗೆಯೇ ನೆನೆಹಾಕಿದ್ದ ಸೊಗಡಿನ ಅವರೆಕಾಳನ್ನು ಹಿದುಕಿ, ಕೊಬ್ಬರಿ ಮಸಾಲೆ ರುಬ್ಬಿ ಸಾರಿಗಿಟ್ಟರು. ಎರಡೂವರೆಯ ಹೊತ್ತಿಗೆ ಆ ಹಿದುಕಿದ ಬೇಳೆ ಸಾರಿನ ವಾಸನೆ ಗೋಡೆ ದಾಟಿ ಬಂದು ನಾಣಿ ಮೇಷ್ಟ್ರ ಮೂಗಿನ ಮುಂದೆ ಕಾಲು ಚಾಚಿ ಕೂತಿತು. ಮೇಷ್ಟ್ರು ಷಟ್ಪದಿ ಹೇಳಿಕೊಂಡರು. ಗೋಡೆ ಕಡೆ ತಿರುಗಿ ಮಲಗಿದರು. ವಾಸನೆ ಗೋಡೆಯಿಂದಲೇ ಬರುತ್ತಿತ್ತು.

ಮೂರು ಗಂಟೆಗೆ ಬಾವಿಕಟ್ಟೆಯ ಕಡೆಯಿಂದ ಕೊಡ ಉರುಳಿದ ಸದ್ದಾಯಿತು. ಓಡಿಹೋಗಿ ನೋಡಿದರೆ ಸುಂದರಮ್ಮ ತಲೆ ಸುತ್ತಿ ಕಟ್ಟೆಗೆ ಒರಗಿ ಕುಸಿದಿದ್ದರು. ರಮಾಮಣಿ ಮುಖಕ್ಕೆ ನೀರು ಚಿಮುಕಿಸಿದಳು. ಕಣ್ಣು ಬಿಟ್ಟವರೇ ಅವರು ತುಟಿಗಳನ್ನು ಬಿಗಿಯಾಗಿ ಮುಚ್ಚಿ, ಸೆರಗಿನಿಂದ ಒರೆಸಿಕೊಂಡು, “ನಾಲಗೆ ಮೇಲೆ ಬಿತ್ತೇನೇ?” ಎಂದು ಗಾಬರಿಯಿಂದ ಕೇಳಿದರು.

ಮೇಷ್ಟ್ರು ಅವರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. “ಸುಂದರಮ್ಮನೋರೇ, ಒಂದು ಲೋಟ ಪಾನಕ ಕುಡೀರಿ. ಇದೆಲ್ಲ ಬರೀ ನಂಬಿಕೆ. ನೀವು ಇಲ್ಲಿ ನೀರು ಕುಡಿದ್ರೆ ಅಲ್ಲಿ ವಿಮಾನಕ್ಕೆ ಏನಾಗತ್ತೆ?”

“ಏನೂ ಆಗದೆ ಇರಬಹುದು. ಒಂದು ಸಲ ಬೀರೂರಿಗೆ ಹೋಗಿದ್ದಾಗ ರೈಲು ತಡ ಅಂತ ಗೊತ್ತಿಲ್ದೆ ಮುಂಚೇನೇ ಊಟ ಮಾಡಿಬಿಟ್ಟೆ. ಅವತ್ತೇ ಕುದಿಯೋ ಹುಳಿ ಕೊಳದಪ್ಪಲೆ ಇವರ ಕಾಲ ಮೇಲೆ ಬಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನೀವು ಹೇಳ್ತೀರಿ. ಹೇಳಬಹುದು. ಗಾಳೀಲಿರೋರು ನಿಮ್ಮೋರಲ್ಲವಲ್ಲ.” ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಅಂದರು: “ಕೃಷ್ಣಪ್ಪನೋರು ಡ್ಯೂಟಿಗೆ ಹೋಗೋವಾಗ ಇನ್ನೊಂದು ಮಾತು ಹೇಳಿ ಹೋದ್ರು. ಟೈಮ್‌ಟೇಬಲ್ ಬೇರೆ, ರೈಲು ಬೇರೆ. ಕಣ್ಣಿಗೆ ಕಂಡ ಮೇಲೇ ಬಂತು ಅನ್ಬೇಕು ಅಂತ. ನಿಮ್ಮ ಲೆಕ್ಕದ ಮೇಲೆ ಕುಡಿಯೋಕೆ ಧೈರ್ಯ ಬರ್ತಿಲ್ಲ ಮೇಷ್ಟ್ರೇ. ಇಳಿದೆ ಅಂತ ತಂತಿ ಬರ್ಲಿ. ಆಮೇಲೆ ಕುಡೀತೀನಿ.”

ಮೇಷ್ಟ್ರು ಪೋಸ್ಟಾಫೀಸಿಗೆ ಓಡಿದರು. ತಂತಿ ಗುಮಾಸ್ತರು ಮೂಗಿನ ಮೇಲಿನ ಕನ್ನಡಕದ ಮೇಲಿನಿಂದ ನೋಡಿದರು. “ಲಂಡನ್ನಿಂದ ತಂತಿಯೇ? ನಾಳೆ ಬರಬಹುದು. ನಾಡಿದ್ದು ಬರಬಹುದು. ನಾಳೆ ಭಾನುವಾರ ಬೇರೆ.”

ನಾಡಿದ್ದು! ಅಷ್ಟು ಹೊತ್ತಿಗೆ ಆಕೆ ಬದುಕಿರುತ್ತಾರೆಯೇ? ತಾನಾದರೂ ಇರುತ್ತೇನೆಯೇ? ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ಕಾಲುಗಳು ಯಾರ ಅಪ್ಪಣೆಯನ್ನೂ ಕೇಳದೆ ಸ್ಟೇಷನ್ ಮುಂದಿನ ಹೋಟೆಲಿನೊಳಕ್ಕೆ ನಡೆದವು. “ಒಂದು ಮಸಾಲೆ ದೋಸೆ,” ಎಂದು ಯಾರದೋ ದನಿ ಹೇಳಿತು. ಅದು ತಮ್ಮದೇ ದನಿ ಎಂದು ಮೇಷ್ಟ್ರಿಗೆ ತಡವಾಗಿ ತಿಳಿಯಿತು.

ದೋಸೆ ಬಂದು ಮುಂದೆ ಕೂತಿತು. ಹೊಂಬಣ್ಣದ ಬೆನ್ನ ಮೇಲೆ ಬೆಣ್ಣೆ ಕರಗುತ್ತಿತ್ತು. ಅಂಚು ಮುರಿಯುವಷ್ಟರಲ್ಲಿ ಕೈ ತೊಳೆದುಕೊಂಡು ಬರುತ್ತಿದ್ದ ಹನುಮಂತಯ್ಯನವರು ಎದುರಿಗೆ ನಿಂತರು.

“ಏನ್ ಮೇಷ್ಟ್ರೇ! ಇಳಿದ್ರಾ?”

“ಇಲ್ಲ... ನಾನು ಸುಮ್ಮನೆ...”

“ತಿನ್ನಿ, ತಿನ್ನಿ. ನಾನು ಯಾರ ಹತ್ರಾನೂ ಹೇಳಲ್ಲ,” ಎಂದು ಕಣ್ಣು ಮಿಟುಕಿಸಿ ಶೇಕ್‌ದಾರರು ಹೊರಟುಹೋದರು.

ಅವರು ಹೋದ ಮೇಲೆ ತಿನ್ನಲು ಏನೂ ಅಡ್ಡಿಯಿರಲಿಲ್ಲ. ಮುರಿದ ಚೂರು ಬೆರಳುಗಳ ನಡುವೆ ಇತ್ತು. ಆದರೆ ಅದನ್ನು ಬಾಯಿಯ ಹತ್ತಿರ ತಂದಾಗಲೆಲ್ಲ, ಸೆರಗಿನಿಂದ ತುಟಿ ಒರೆಸಿಕೊಂಡ ಆ ಹೆಂಗಸಿನ ಮುಖ ಅಡ್ಡ ಬರುತ್ತಿತ್ತು. ಮೇಷ್ಟ್ರು ಚೂರನ್ನು ದೋಸೆಯ ಪಕ್ಕದಲ್ಲೇ ಇಟ್ಟು ಎದ್ದರು. ಹೋಟೆಲಿನ ಮೆಟ್ಟಿಲಿಳಿಯುವಾಗ ಒಂದು ನಿರ್ಧಾರಕ್ಕೆ ಬಂದಿದ್ದರು. ಜನ್ಮದಲ್ಲಿ ಹೇಳಿದ ಸುಳ್ಳುಗಳೆಲ್ಲ ಸ್ವಂತಕ್ಕೆ, ಇದೊಂದು ಪರರಿಗಾಗಲಿ.

ಸರಿಯಾಗಿ ಐದು ಗಂಟೆಗೆ ಅವರು ಏದುಸಿರು ಬಿಡುತ್ತ ಬೀದಿಗೆ ನುಗ್ಗಿದರು. “ಇಳಿದ್ರು! ಸುಂದರಮ್ಮನೋರೇ, ಇಳಿದ್ರು! ಪೋಸ್ಟಾಫೀಸಿನ ಟೆಲಿಫೋನಿಗೆ ಬೊಂಬಾಯಿಂದ ಸುದ್ದಿ ಬಂತು!”

ಚಾಪೆಯ ಮೇಲೆ ಮಲಗಿದ್ದ ಸುಂದರಮ್ಮ ಎದ್ದು ಕೂತರು. “ನಿಜವಾಗ್ಲೂ?”

“ನನ್ನ ಕಿವಿಯಾರೆ ಕೇಳ್ದೆ.”

“ಅಲ್ಲಿ ಚಳಿಯಂತಾ?”

“ಚಳಿಯಂತೆ.”

“ಮಫ್ಲರು ಸುತ್ಕೊಂಡಿದ್ರಂತಾ?”

“ಸುತ್ಕೊಂಡೇ ಇಳಿದ್ರಂತೆ.”

“ಕಿವಿ ಮುಚ್ಚೋ ಹಾಗೆ?”

“ಎರಡೂ ಕಿವಿ.”

ಬಾಗಿಲಲ್ಲಿ ನಿಂತಿದ್ದ ಹನುಮಂತಯ್ಯ ಹುಬ್ಬು ಗಂಟಿಕ್ಕಿದರು. “ಟೆಲಿಫೋನಿನಲ್ಲಿ ಕಿವಿ ಸಮಾಚಾರಾನೂ ಹೇಳ್ತಾರಾ?”

“ಈಗೆಲ್ಲ ಹಾಗೇ ಶೇಕ್‌ದಾರ್ರೇ. ವಿಮಾನದಿಂದ ಇಳಿದೋರ ವಿವರಾನೆಲ್ಲ ಅಲ್ಲಿ ಬರ್ಕೊಳ್ತಾರೆ.”

“ಹಾಗೆ ಹೇಳಿ. ದಾಖಲೆ ಅಂದ ಮೇಲೆ ಇರಬೇಕು,” ಎಂದು ಮೂವತ್ತು ವರ್ಷ ಪಹಣಿ ಬರೆದಿದ್ದ ಶೇಕ್‌ದಾರರು ಒಪ್ಪಿಕೊಂಡರು.

ಸುಂದರಮ್ಮ ದೇವರಿಗೆ ದೀಪ ಹಚ್ಚಿ, ರಮಾಮಣಿ ತಂದುಕೊಟ್ಟ ಕಾಫಿಯನ್ನು ಕಣ್ಣು ಮುಚ್ಚಿ ಕುಡಿದರು. ಲೋಟ ಕೆಳಗಿಡುವಾಗ ಅವರ ಕಣ್ಣಂಚಿನಲ್ಲಿ ನೀರಿತ್ತು, ಕೆನ್ನೆಗೆ ರಕ್ತ ಬಂದಿತ್ತು. ಮೇಷ್ಟ್ರಿಗೆ ತಮ್ಮ ಹಸಿವು ಕೂಡ ಒಂದು ಗಳಿಗೆ ಮರೆತುಹೋಯಿತು. “ಏಳಿ, ಎಲ್ಲರೂ ಏಳಿ,” ಎಂದು ಸುಂದರಮ್ಮ ಸೆರಗು ಬಿಗಿದರು. “ಮೊದಲನೇ ಎಲೆ ಮೇಷ್ಟ್ರಿಗೆ. ಪಾಪ, ನನ್ನ ದೆಸೆಯಿಂದ ಬೆಳಗಿನಿಂದ ಹಸಿದಿದ್ದಾರೆ.”

ಎಲೆ ಬಿತ್ತು. ಅನ್ನ ಬಿತ್ತು. ಅನ್ನದ ಗುಂಡಿಯೊಳಕ್ಕೆ ಹಿದುಕಿದ ಬೇಳೆ ಸಾರು ಇಳಿಯಿತು, ಅದರ ಮೇಲೆ ತುಪ್ಪ. ಮೇಷ್ಟ್ರು ಕಲಸಿ ಮೊದಲ ತುತ್ತು ಎತ್ತಿದ್ದರು. ಹೊರಗೆ ಸೈಕಲ್ ಗಂಟೆ ಕಿಣಿಕಿಣಿ ಎಂದಿತು.

“ತಂತಿ ಐತೆ, ಸುಂದರಮ್ಮಾರಿಗೆ!” ಎಂದು ಅಂಚೆಯ ಲಕ್ಕಪ್ಪ ಕೂಗಿದ. “ಬೊಂಬಾಯಿಂದ ಬೆಳಿಗ್ಗೇನೇ ಹೊಂಟಿದ್ದಂತೆ. ಲೈನು ಕೆಟ್ಟಿತ್ತು, ಈಗ ಬಂತು. ಬತ್ತೀನಿ.”

ತಂತಿ ಕೈಯಿಂದ ಕೈಗೆ ಬಂದು, ಹಾಗೇ ಮೇಷ್ಟ್ರ ಎಡಗೈಗೆ ಬಂತು. ಹನುಮಂತಯ್ಯನವರಿಗೆ ಇಂಗ್ಲಿಷ್ ಬಾರದು. ಕೃಷ್ಣಪ್ಪನವರು ಬೀರೂರಿನ ದಾರಿಯಲ್ಲಿದ್ದರು. ಮೇಷ್ಟ್ರು ಓದಿದರು. ಮತ್ತೊಮ್ಮೆ ಓದಿದರು. ತಂತಿಯಲ್ಲಿ ಇದ್ದದ್ದು ಇಷ್ಟು: ‘ಇಂಜಿನ್ ಕೆಟ್ಟು ರಾತ್ರಿ ವಿಮಾನ ಹೊರಡಲಿಲ್ಲ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಹೊರಡುತ್ತದೆ. ಅಲ್ಲಿಯವರೆಗೆ ಊಟ ಮಾಡು.’

ಅಂದರೆ ಗಂಡ ಬೊಂಬಾಯಿಯ ನೆಲದ ಮೇಲೆ ಗಟ್ಟಿಯಾಗಿ ಕೂತಿದ್ದಾಗ ಆಕೆ ಇಲ್ಲಿ ಹನಿ ನೀರಿಲ್ಲದೆ ಒಣಗಿದ್ದರು. ಈಗ ಆತ ಸಮುದ್ರದ ಮೇಲೆ ಎಲ್ಲೋ ತೇಲುತ್ತಿದ್ದಾರೆ. ಆಕೆ ಗಡದ್ದಾಗಿ ಕಾಫಿ ಕುಡಿದು ಸೌಟು ಹಿಡಿದು ನಿಂತಿದ್ದಾರೆ. ಆತ ಹಾರುತ್ತಿರುವುದೋ ಕೆಟ್ಟು ರಿಪೇರಿಯಾದ ಇಂಜಿನ್ನಿನ ಮೇಲೆ!

“ಏನಂತೆ ಮೇಷ್ಟ್ರೇ?” ಸುಂದರಮ್ಮನವರು ಸೌಟು ಕೆಳಗಿಟ್ಟರು. “ಕೆಟ್ಟ ಸುದ್ದಿ ಅಲ್ಲ ತಾನೇ?”

ಮೇಷ್ಟ್ರು ಆ ಮುಖ ನೋಡಿದರು. “ಸೌಖ್ಯವಾಗಿದ್ದಾರಂತೆ. ನಿಮಗೆ... ಊಟ ಮಾಡು ಅಂತ ಹೇಳಿದ್ದಾರೆ.”

“ಅಷ್ಟು ದೂರ ಹೋದ್ರೂ ಅದೇ ಚಿಂತೆ ಇವರಿಗೆ!” ಎಂದು ಸುಂದರಮ್ಮ ಹೊಸ ಮದುವಣಗಿತ್ತಿಯ ಹಾಗೆ ಕೆಂಪಾದರು. ತಂತಿಯನ್ನು ಕಣ್ಣಿಗೊತ್ತಿಕೊಂಡು ದೇವರ ಪಟದ ಹಿಂದೆ ಸಿಕ್ಕಿಸಿದರು. “ನಾಳೆ ಕೃಷ್ಣಪ್ಪನೋರು ಬಂದ ಮೇಲೆ ಅವರ ಕೈಲೂ ಒಂದು ಸಲ ಓದಿಸ್ತೀನಿ. ಎರಡು ಸಲ ಕೇಳೋಕೆ ಚೆಂದ.”

ಮೇಷ್ಟ್ರು ಬಲಗೈಯ ತುತ್ತನ್ನು ನೋಡಿದರು. ಹನ್ನೆರಡಕ್ಕೆ ಹೊರಟರೆ ಹದಿನೆಂಟು ಗಂಟೆ; ನಾಳೆ ಬೆಳಿಗ್ಗೆ ಆರು. ಅಲ್ಲಿಯವರೆಗೆ ಆ ಮನುಷ್ಯ ಗಾಳಿಯಲ್ಲಿ. ಅವನಿಗಾಗಿ ಹಸಿದಿರುವವರು ಅರಸೀಕೆರೆಯಲ್ಲಿ ಒಬ್ಬರಾದರೂ ಬೇಡವೇ? ಇದೆಲ್ಲ ಬರೀ ನಂಬಿಕೆ, ಸಂಬಂಧವೇ ಇಲ್ಲ ಎಂದು ಮನಸ್ಸಿಗೆ ಗದರಿದರು. ತುತ್ತು ಬಾಯಿಯ ಹತ್ತಿರ ಹೋಯಿತು. ಕಣ್ಣ ಮುಂದೆ ಒಂದು ವಿಮಾನ, ಅದರ ಕಿಟಕಿಯಲ್ಲಿ ಮಫ್ಲರು ಸುತ್ತಿದ ಎರಡು ಕಿವಿ. ಕೈ ತಾನಾಗಿ ಕೆಳಗಿಳಿಯಿತು.

“ಯಾಕೆ ಮೇಷ್ಟ್ರೇ? ಉಪ್ಪು ಜಾಸ್ತಿಯಾ?”

“ಇಲ್ಲ... ಯಾಕೋ ಹಸಿವೇ ಇಲ್ಲ.”

“ಹಸಿವು ಎಲ್ಲಿಂದ ಬರಬೇಕು?” ಎಂದು ಪಕ್ಕದ ಎಲೆಯ ಮುಂದೆ ಕೂತಿದ್ದ ಹನುಮಂತಯ್ಯ ಸಾರು ಸುರಿಯುತ್ತ ನಕ್ಕರು. “ನಾನು ಹೇಳಬಾರದು ಅಂತಿದ್ದೆ. ಮಧ್ಯಾಹ್ನ ಹೋಟ್ಲಲ್ಲಿ ಇಷ್ಟು ದೊಡ್ಡ ಮಸಾಲೆ ದೋಸೆ ಮುಂದಿಟ್ಕೊಂಡು ಕೂತಿದ್ರು.”

ಪಂಕ್ತಿಯೆಲ್ಲ ಮೇಷ್ಟ್ರ ಕಡೆ ತಿರುಗಿತು. “ಹೋಗ್ಲಿ ಬಿಡಿ, ಪ್ರಾಯದ ಗಂಡಸು, ತಡೀಲಿಲ್ಲ ಪಾಪ,” ಎಂದು ಸುಂದರಮ್ಮ ಕರುಣೆಯಿಂದ ಅಂದದ್ದು ಬೈಗಳಿಗಿಂತ ಹೆಚ್ಚಾಗಿ ಚುಚ್ಚಿತು. ರಮಾಮಣಿ ಮಜ್ಜಿಗೆಯ ಪಾತ್ರೆಯನ್ನು ಠಣ್ಣೆಂದು ಕೆಳಗಿಟ್ಟು ಮನೆಗೆ ಹೋದಳು. ಮೇಷ್ಟ್ರು ಎಲೆಗೆ ಕೈಮುಗಿದು ಎದ್ದು ಅವಳ ಹಿಂದೆಯೇ ನಡೆದರು.

ಅಡಿಗೆಮನೆಯಲ್ಲಿ ಅವಳು ಬೆನ್ನು ತಿರುಗಿಸಿ ಕೂತಿದ್ದಳು. ಮೇಷ್ಟ್ರು ಬಾಗಿಲು ಮುಂದೆ ಮಾಡಿ, ಪಿಸುದನಿಯಲ್ಲಿ ಎಲ್ಲವನ್ನೂ ಹೇಳಿದರು: ತಿನ್ನದೆ ಬಿಟ್ಟ ದೋಸೆ, ಬಾರದ ಟೆಲಿಫೋನು, ಬಂದ ತಂತಿ. ರಮಾಮಣಿ ನಿಧಾನವಾಗಿ ಇತ್ತ ತಿರುಗಿದಳು. ಗಂಡನ ಒಣಗಿದ ತುಟಿ ನೋಡಿದಳು. ಅವಳ ಕಣ್ಣು ತುಂಬಿತು.

“ನಾನೂ ಇನ್ನೂ ಉಂಡಿಲ್ಲ,” ಎಂದಳು. “ಇನ್ನು ಉಣ್ಣೋದೂ ಇಲ್ಲ. ಇಬ್ಬರೂ ಇರೋಣ. ಎಷ್ಟು ಗಂಟೆವರೆಗೆ ಅಂದ್ರಿ?”

“ಬೆಳಿಗ್ಗೆ ಆರು. ಅಷ್ಟೇ ಕಣೇ. ಆರಕ್ಕೆ ಸರಿಯಾಗಿ ಕಾಫಿ.” ಮೇಷ್ಟ್ರ ದನಿಯಲ್ಲಿ ಆಸೆ ಮಿಣುಕಿತು.

ರಮಾಮಣಿ ಒಲೆಯ ಕಡೆ ನೋಡಿ ಸ್ವಲ್ಪ ಹೊತ್ತು ಬೆರಳು ಮಡಿಚಿ ಎಣಿಸಿದಳು.

“ಕೋಪ ಮಾಡ್ಕೋಬೇಡಿ. ನಿನ್ನೆಯಿಂದ ನೀವು ಹೇಳಿದ ಒಂದು ಗಂಟೆಯಾದ್ರೂ ಸರಿಯಾಗಿದೆಯಾ? ಕೇಳೋರಿಲ್ಲ ಅಂತ ನಾವು ಅವಸರ ಮಾಡೋದು ಬೇಡ. ಗಾಳೀಲಿರೋರ ವಿಷಯ. ಇಳಿದೆ ಅಂತ ತಂತಿ ಬರ್ಲಿ,” ಎಂದು ಅವಳು ನಾಳೆಗೆಂದು ಇಳಿಸಿಟ್ಟಿದ್ದ ಡಿಕಾಕ್ಷನ್ನನ್ನು ಬಚ್ಚಲಿಗೆ ಸುರಿದಳು.

ಪಕ್ಕದ ಮನೆಯಿಂದ ಸುಂದರಮ್ಮನವರು ತೃಪ್ತಿಯಾಗಿ ತೇಗಿದ ಸದ್ದು ಕೇಳಿಸಿತು.